ಮಗುವಿಗೆ ಶೌಚ ಕಲಿಸುವುದು: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಡೈಪರ್ ಬಿಡಿಸಲು ಮಲೆನಾಡಿನಲ್ಲಿ ಆಷಾಢದಷ್ಟು ಕೆಟ್ಟ ಕಾಲ ಇನ್ನೊಂದಿಲ್ಲ. ಒದ್ದೆಯಾದ ಚಡ್ಡಿ ಎರಡು ದಿನವಾದರೂ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ದೊಡ್ಡವರ ಬಟ್ಟೆಗೇ ಜಾಗ ಸಾಲದು. ಶೌಚಾಲಯ ಹಿತ್ತಲಲ್ಲಿದ್ದರಂತೂ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಮಗುವಿನ ಕಾಲಿಗೆ ಇಂಬಳ ಹತ್ತಿರುತ್ತದೆ. ಥಂಡಿಯಲ್ಲಿ ಬೆವರು ಕಡಿಮೆಯಾಗುವುದರಿಂದ ಮೂತ್ರವೂ ಪದೇ ಪದೇ ಬರುತ್ತದೆ. ಇಷ್ಟೆಲ್ಲ ಅಡ್ಡಿಗಳ ನಡುವೆ ಕಲಿಸಹೊರಟರೆ ತಾಯಿಗೆ ಸಿಟ್ಟು, ಮಗುವಿಗೆ ಅಳು.

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ನನ್ನ ಸಲಹೆ ಇಷ್ಟೇ: ಶಿವರಾತ್ರಿ ಕಳೆದು ಚಳಿ ಹಿಂದೆ ಸರಿಯುವವರೆಗೆ ಕಾಯಿರಿ. ಆ ಹೊತ್ತಿಗೆ ಅಡಿಕೆ ಕೊಯ್ಲಿನ ಗಡಿಬಿಡಿಯೂ ಮುಗಿದಿರುತ್ತದೆ, ಮಗುವಿನ ಹಿಂದೆಯೇ ಇರಲು ಮನೆಯಲ್ಲಿ ಯಾರಿಗಾದರೂ ಬಿಡುವಿರುತ್ತದೆ. ಏಪ್ರಿಲ್ ಕೊನೆಗೆ ಬಾವಿಯ ತಳ ಕಾಣುವ ಮನೆಯವರು ಮಾರ್ಚ್‌ನಲ್ಲೇ ಆರಂಭಿಸುವುದು ಮೇಲು, ಏಕೆಂದರೆ ಮೊದಲ ಎರಡು ವಾರ ತೊಳೆಯುವ ಬಟ್ಟೆ ವಿಪರೀತ. ಶಿವಮೊಗ್ಗ ಪೇಟೆಯಲ್ಲಿ, ಒಳಗೇ ಶೌಚಾಲಯವಿರುವ ಮನೆಗಳಲ್ಲಿ ಈ ನಿಯಮ ಅಷ್ಟು ಬಿಗಿಯಲ್ಲ. ಅಲ್ಲಿಯೂ ಬಿಸಿಲಿರುವ ತಿಂಗಳೇ ಸಲೀಸು.

ಮಗು ಸಿದ್ಧವಾಗಿದೆಯೇ?

ನಮ್ಮ ಅಜ್ಜಿಯಂದಿರು ಕೆಲವೇ ತಿಂಗಳ ಕೂಸನ್ನು, ಕಾಲು ಚಾಚಿ ಕುಳಿತು, ತಮ್ಮ ಎರಡು ಪಾದಗಳ ನಡುವೆ ಕೂರಿಸಿಕೊಂಡು ‘ಸ್ಸ್ಸ್’ ಎಂದು ಸದ್ದು ಮಾಡಿ ಉಚ್ಚೆ ಮಾಡಿಸುತ್ತಿದ್ದರು. ಈಗಲೂ ಅನೇಕ ಮನೆಗಳಲ್ಲಿ ಇದು ನಡೆಯುತ್ತದೆ. ಒಳ್ಳೆಯ ಪದ್ಧತಿಯೇ. ಮಗುವಿಗೆ ಆ ಭಂಗಿ, ಆ ಸದ್ದು, ಆ ಜಾಗ ಅಭ್ಯಾಸವಾಗುತ್ತದೆ, ಬಟ್ಟೆಯೂ ಉಳಿಯುತ್ತದೆ. ಆದರೆ ಅಲ್ಲಿ ಹೊತ್ತನ್ನು ಗಮನಿಸುವವರು ದೊಡ್ಡವರು. ಬಂದದ್ದನ್ನು ತಾನೇ ಗುರುತಿಸಿ, ಸ್ವಲ್ಪ ತಡೆದುಕೊಂಡು, ಜಾಗಕ್ಕೆ ಹೋಗಿ ಬಿಡುವ ಹಿಡಿತ ಹೆಚ್ಚಿನ ಮಕ್ಕಳಲ್ಲಿ 18 ತಿಂಗಳಿಂದ 3 ವರ್ಷದ ನಡುವೆ ಬರುತ್ತದೆ. ಆದ್ದರಿಂದ ‘ನನ್ನ ಮಕ್ಕಳು ವರ್ಷಕ್ಕೇ ಕಲಿತಿದ್ದರು’ ಎಂದು ಅತ್ತೆಯವರು ಹೇಳಿದರೆ ವಾದಿಸಬೇಕಿಲ್ಲ. ಅವರು ಹೇಳುವುದೂ ನಿಜ, ನಿಮ್ಮ ಎರಡೂವರೆ ವರ್ಷದ ಮಗು ಇನ್ನೂ ಕಲಿಯುತ್ತಿರುವುದೂ ಸಹಜ.

ವಯಸ್ಸಿಗಿಂತ ಲಕ್ಷಣ ನೋಡಿ. ಎರಡು ಗಂಟೆಯಾದರೂ ಚಡ್ಡಿ ಒಣಗಿರುವುದು, ಮಧ್ಯಾಹ್ನದ ನಿದ್ದೆಯಿಂದ ಒದ್ದೆ ಮಾಡಿಕೊಳ್ಳದೆ ಏಳುವುದು, ಕಕ್ಕ ಬಂದಾಗ ಬಾಗಿಲ ಸಂದಿಗೋ ಮಂಚದ ಮರೆಗೋ ಹೋಗಿ ನಿಲ್ಲುವುದು, ಒದ್ದೆಯಾದರೆ ಕಿರಿಕಿರಿಪಡುವುದು, ಕುಕ್ಕರಗಾಲಲ್ಲಿ ಕುಳಿತು ತಾನೇ ಏಳುವುದು, ‘ಆ ಚೊಂಬು ತಾ’ ಎಂದರೆ ತಂದುಕೊಡುವುದು. ಎಲ್ಲವೂ ಒಟ್ಟಿಗೇ ಕಾಣಬೇಕೆಂದಿಲ್ಲ. ಮೂರು ನಾಲ್ಕು ಕಂಡರೆ ಸಾಕು. ಮಾಡಿಕೊಂಡ ಮೇಲೆ ಬಂದು ಹೇಳುವ ಮಗುವನ್ನು ಬೈಯುವವರಿದ್ದಾರೆ. ಅದು ಬೈಯುವ ವಿಷಯವೇ ಅಲ್ಲ. ಮೊದಲು ಆದ ಮೇಲೆ ಹೇಳುತ್ತದೆ, ಆಮೇಲೆ ಆಗುತ್ತಿರುವಾಗ, ಕೊನೆಗೆ ಆಗುವ ಮುನ್ನ. ಕಲಿಕೆಯ ದಾರಿಯೇ ಹಾಗೆ.

ಮನೆಗೆ ಇನ್ನೊಂದು ಕೂಸು ಬರುವ ಹೊತ್ತು, ತಾಯಿ ಬಾಣಂತನಕ್ಕೆ ತವರಿಗೆ ಹೊರಡುವ ತಿಂಗಳು, ಮನೆ ಬದಲಿಸುವ ಸಮಯ, ಜ್ವರ ಅಥವಾ ಭೇದಿಯಿಂದ ಚೇತರಿಸಿಕೊಳ್ಳುತ್ತಿರುವ ವಾರ — ಇವುಗಳಲ್ಲಿ ಆರಂಭಿಸಬೇಡಿ.

ಮೊದಲ ಹೆಜ್ಜೆ: ಸಾಮಾನು ಮತ್ತು ಜಾಗ

ಒಂದು ಸಣ್ಣ ಪ್ಲಾಸ್ಟಿಕ್ ಪಾಟಿ ಸಾಕು. ಗಾಂಧಿ ಬಜಾರಿನ ಅಂಗಡಿಗಳಲ್ಲಿ ಸಂಗೀತ ಹೊರಡಿಸುವಂಥದ್ದು, ಕಾರಿನ ಆಕಾರದ್ದು ಕಂಡರೂ ಬೇಡ. ಮಗು ಅದನ್ನು ಆಟಿಕೆ ಎಂದುಕೊಳ್ಳುತ್ತದೆ. ಬುಡ ಅಗಲವಾಗಿರಬೇಕು, ಕುಳಿತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಮಂಡಿ ಸೊಂಟಕ್ಕಿಂತ ತುಸು ಮೇಲಿರಬೇಕು. ಈ ಕೊನೆಯ ಮಾತು ಮುಖ್ಯ. ಕುಕ್ಕರಗಾಲಲ್ಲಿ ಕುಳಿತಾಗ ಗುದನಾಳವನ್ನು ಬಿಗಿಹಿಡಿದಿರುವ ಸ್ನಾಯು ಸಡಿಲಗೊಂಡು ದಾರಿ ನೇರವಾಗುತ್ತದೆ. ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದರೆ ಮಗು ಮುಕ್ಕಲೂ ಆಗದು. ಪಾಶ್ಚಾತ್ಯ ಕಮೋಡ್ ಇರುವ ಮನೆಯಲ್ಲಿ ಮಕ್ಕಳ ಸೀಟಿನ ಜೊತೆಗೆ ಕಾಲಡಿಗೆ ಒಂದು ಮಣೆ ಬೇಕೇ ಬೇಕು. ಊಟದ ಮಣೆಯನ್ನು ಇದಕ್ಕೆ ತರುವುದನ್ನು ಯಾರೂ ಒಪ್ಪುವುದಿಲ್ಲ. ಬಡಗಿಗೆ ಹೇಳಿ ಬೇರೆಯದನ್ನೇ ಮಾಡಿಸಿ.

ನೆಲಮಟ್ಟದ ಭಾರತೀಯ ಶೌಚಾಲಯವಿದ್ದರೆ ಭಂಗಿಯ ತೊಂದರೆಯಿಲ್ಲ, ಅಗಲದ ತೊಂದರೆಯಿದೆ. ಎರಡು ವರ್ಷದ ಮಗುವಿನ ಕಾಲು ಅಷ್ಟು ದೂರ ಚಾಚುವುದಿಲ್ಲ, ನಡುವಿನ ಕತ್ತಲ ಗುಂಡಿ ಕಂಡರೆ ಅದಕ್ಕೆ ಪ್ರಾಣಭಯ. ಪಾಟಿಯಿಂದ ಆರಂಭಿಸಿ, ಕೆಲವು ವಾರಗಳ ನಂತರ ಪಾಟಿಯನ್ನೇ ಶೌಚಾಲಯದೊಳಗೆ ಇಡಿ. ಅದೂ ಒಗ್ಗಿದ ಮೇಲೆ ಕೈ ಹಿಡಿದುಕೊಂಡು ಗುಂಡಿಯ ಮುಂಭಾಗದಲ್ಲಿ ಕೂರಿಸಿ. ಬಾಗಿಲು ತೆರೆದಿರಲಿ, ದೀಪ ಉರಿಯುತ್ತಿರಲಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ, ಹಾಗಾಗಿ ಗೂಟಕ್ಕೆ ಒಂದು ಟಾರ್ಚ್ ನೇತುಹಾಕಿ. ಫ್ಲಶ್ ಇದ್ದರೆ ಮಗು ಹೊರಗೆ ಬಂದ ಮೇಲೆಯೇ ಒತ್ತಿ.

ಸಡಿಲ ಎಲಾಸ್ಟಿಕ್ಕಿನ ಹತ್ತಿ ಚಡ್ಡಿಗಳು ಎಂಟು ಹತ್ತಾದರೂ ಇರಲಿ. ಜಿಪ್ಪು, ಗುಂಡಿ, ಭುಜದವರೆಗೆ ಪಟ್ಟಿಯಿರುವ ಉಡುಪು ಸದ್ಯಕ್ಕೆ ಪೆಟ್ಟಿಗೆಯಲ್ಲಿರಲಿ. ಮಗು ಓಡಾಡುವ ಕಡೆ ಜಮಖಾನ, ಕಂಬಳಿಗಳನ್ನು ಸುತ್ತಿಡಿ. ಹಳೆಯ ಮನೆಗಳ ಕೆಂಪು ಗಾರೆಯ ನೆಲ ಈ ಕೆಲಸಕ್ಕೆ ಬಹಳ ಅನುಕೂಲ, ಒಂದು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಸುಸ್ಸು, ಉಚ್ಚೆ, ಒಂದ, ಎರಡ — ನಿಮ್ಮ ಮನೆಯಲ್ಲಿ ಏನನ್ನುತ್ತೀರೋ ಅದನ್ನೇ ಎಲ್ಲರೂ ಅನ್ನಿ. ತಾತ ಒಂದು, ಅಮ್ಮ ಇನ್ನೊಂದು ಹೇಳುವುದು ಬೇಡ.

ಎರಡನೆಯ ಹೆಜ್ಜೆ: ಮೊದಲ ವಾರ

ಹಗಲಿನ ಡೈಪರನ್ನು ಒಮ್ಮೆಗೇ ಬಿಡಿ. ಒಂದು ಹೊತ್ತು ಡೈಪರ್, ಒಂದು ಹೊತ್ತು ಚಡ್ಡಿ ಎಂದಾದರೆ ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಎಂಬುದು ಮಗುವಿಗೆ ತಿಳಿಯುವುದಿಲ್ಲ. ಈಗಿನ ಡೈಪರ್ ಎಷ್ಟು ಹೀರುತ್ತದೆಂದರೆ ಒದ್ದೆಯ ಅನುಭವವೇ ಮಗುವಿಗೆ ಆಗದು, ಅದಾಗದೆ ಕಲಿಕೆ ಮುಂದೆ ಹೋಗದು. ಮೊದಲ ಎರಡು ಮೂರು ದಿನ ಮನೆಯಲ್ಲೇ ಇದ್ದು, ಬರೀ ಸಡಿಲ ಚಡ್ಡಿಯಲ್ಲಿ ಅಥವಾ ಅದೂ ಇಲ್ಲದೆ ಬಿಡಿ. ಆ ದಿನಗಳಲ್ಲಿ ನೆಂಟರನ್ನು ಕರೆಯಬೇಡಿ, ಪೇಟೆಗೂ ಹೊರಡಬೇಡಿ.

ಗಡಿಯಾರ ನೋಡಿ ಅರ್ಧ ಗಂಟೆಗೊಮ್ಮೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಮಗು ರೋಸಿಹೋಗುತ್ತದೆ, ಮೂತ್ರಕೋಶ ತುಂಬುವ ಅನುಭವವೂ ಅದಕ್ಕೆ ಸಿಗುವುದಿಲ್ಲ. ದಿನಚರಿಗೆ ಕಟ್ಟಿ: ಬೆಳಗ್ಗೆ ಎದ್ದೊಡನೆ, ತಿಂಡಿಯಾದ ಮೇಲೆ, ಸ್ನಾನಕ್ಕೆ ಮುನ್ನ, ಊಟವಾದ ಮೇಲೆ, ಮಲಗುವ ಮುನ್ನ, ಹೊರಗೆ ಹೊರಡುವ ಮುನ್ನ. ಇವುಗಳಲ್ಲಿ ತಿಂಡಿ-ಊಟಗಳ ನಂತರದ 15ರಿಂದ 30 ನಿಮಿಷವನ್ನು ಎಂದೂ ತಪ್ಪಿಸಬೇಡಿ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ, ಕಕ್ಕಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕೂರಿಸುವುದು ಮೂರರಿಂದ ಐದು ನಿಮಿಷ ಮಾತ್ರ. ಬಂದರೆ ಬಂತು, ಬಾರದಿದ್ದರೆ ಎಬ್ಬಿಸಿ. ಕೈಗೆ ಮೊಬೈಲ್ ಕೊಟ್ಟು ಅರ್ಧ ಗಂಟೆ ಕೂರಿಸಿದರೆ ಮಗುವಿನ ಗಮನ ತನ್ನ ಹೊಟ್ಟೆಯ ಮೇಲಿರುವುದಿಲ್ಲ. ಕಥೆ ಹೇಳಿ, ಮಾತನಾಡಿ, ಅಥವಾ ಸುಮ್ಮನೆ ಎದುರಿಗೆ ಕುಳಿತುಕೊಳ್ಳಿ.

‘ಸುಸ್ಸು ಬಂತಾ ಪುಟ್ಟಾ?’ ಎಂದು ಕೇಳಿದರೆ ಉತ್ತರ ಯಾವಾಗಲೂ ‘ಇಲ್ಲ’. ಕೇಳಬೇಡಿ, ಕರೆಯಿರಿ: ‘ಬಾ, ಸುಸ್ಸು ಮಾಡಿ ಬಂದು ಆಡೋಣ.’ ಕಾಲು ಅಡ್ಡ ಹಾಕುವುದು, ಕುಣಿದಾಡುವುದು, ಆಟದ ನಡುವೆ ಹಠಾತ್ತನೆ ನಿಂತು ಬಿಡುವುದು ಕಂಡರೆ ಮಾತಿಗೆ ನಿಲ್ಲದೆ ಕೈ ಹಿಡಿದು ಕರೆದೊಯ್ಯಿರಿ.

ಚಡ್ಡಿಯಲ್ಲೇ ಆದಾಗ ಹೇಳಬೇಕಾದ್ದು ಒಂದೇ ಸಾಲು: ‘ಒದ್ದೆ ಆಯಿತು, ಬಾ ಬದಲಿಸೋಣ. ಸುಸ್ಸು ಪಾಟಿಯಲ್ಲಿ.’ ದನಿ ಏರಬಾರದು. ಚಡ್ಡಿ ಬದಲಿಸುವ ಕೆಲಸದಲ್ಲಿ ಮಗುವೂ ಕೈಜೋಡಿಸಲಿ, ಆದರೆ ಶಿಕ್ಷೆಯ ಹಾಗೆ ಅಲ್ಲ. ‘ಶೇಮ್ ಶೇಮ್’ ಎಂದು ನಗುವುದು, ‘ಛೀ, ಗಲೀಜು’ ಎಂದು ಮೂಗು ಮುಚ್ಚಿಕೊಳ್ಳುವುದು, ‘ಗುಮ್ಮನಿಗೆ ಕೊಡುತ್ತೇನೆ’, ‘ಬರೆ ಹಾಕುತ್ತೇನೆ’ ಎಂದು ಹೆದರಿಸುವುದು ನಮ್ಮ ಕಡೆ ತೀರಾ ಸಾಮಾನ್ಯ. ಇವನ್ನು ಮನೆಯಲ್ಲಿ ಯಾರೂ ಆಡಕೂಡದು. ನಕ್ಕು ಹೋಗುವ ನೆಂಟರಿಗೂ ಹೇಳಿಬಿಡಿ. ಹೆದರಿದ ಮಗು ಮಲವನ್ನು ಹಿಡಿದಿಡುತ್ತದೆ. ಹಿಡಿದಿಟ್ಟ ಮಲ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದಿನ ಕಷ್ಟವನ್ನು ಕೆಳಗೆ ವಿವರವಾಗಿ ಬರೆದಿದ್ದೇನೆ.

ಸರಿಯಾಗಿ ಮಾಡಿದಾಗ ‘ಪಾಟಿಯಲ್ಲೇ ಮಾಡಿದೆ, ಜಾಣೆ’ ಎಂದರೆ ಸಾಕು. ಪ್ರತಿ ಸಲವೂ ಚಾಕೊಲೇಟ್ ಕೊಟ್ಟರೆ ಒಂದು ತಿಂಗಳಲ್ಲಿ ಮಗು ಚಾಕೊಲೇಟಿಗಾಗಿ ಹನಿ ಹನಿ ಉಚ್ಚೆ ಮಾಡಲು ಕಲಿಯುತ್ತದೆ. ಪಾಟಿಯಲ್ಲಿದ್ದ ಕಕ್ಕವನ್ನು ಮಗುವಿನ ಎದುರಿಗೇ ಶೌಚಾಲಯಕ್ಕೆ ಸುರಿದು ನೀರು ಹಾಕಿ. ಅದು ಸೇರಬೇಕಾದ ಜಾಗ ಯಾವುದೆಂದು ಹಾಗೆ ತಿಳಿಯುತ್ತದೆ.

ಬಚ್ಚಲಲ್ಲಿ ಬಿಸಿನೀರು ಮೈಮೇಲೆ ಬಿದ್ದೊಡನೆ ಉಚ್ಚೆ ಮಾಡುವ ಮಕ್ಕಳು ಬಹಳ. ಆರಂಭಕ್ಕೆ ಇದು ಸಹಾಯವೇ: ಆ ಕ್ಷಣದಲ್ಲಿ ‘ನೋಡು, ಸುಸ್ಸು ಬಂತು’ ಎಂದು ಹೇಳಿದರೆ ಅನುಭವಕ್ಕೂ ಹೆಸರಿಗೂ ನಂಟು ಬೀಳುತ್ತದೆ. ಕಕ್ಕಕ್ಕೆ ಮಾತ್ರ ಮೊದಲಿನಿಂದಲೇ ಬೇರೆ ಜಾಗ.

ಎರಡು ವಾರ ಕಳೆದರೂ ಮಗು ಪಾಟಿ ಕಂಡರೆ ಅತ್ತು ಓಡುತ್ತಿದ್ದರೆ ನಿಲ್ಲಿಸಿಬಿಡಿ. ಒಂದೆರಡು ತಿಂಗಳು ಆ ಮಾತೇ ಬೇಡ, ಆಮೇಲೆ ಮತ್ತೆ ಆರಂಭಿಸಿ.

ಮಲಬದ್ಧತೆ: ಅರ್ಧಕ್ಕರ್ಧ ಸೋಲಿನ ಮೂಲ

ಉಚ್ಚೆ ಕಲಿತು ಕಕ್ಕಕ್ಕೆ ಹಟ ಹಿಡಿಯುವ ಮಗುವನ್ನು ‘ಹಟಮಾರಿ’ ಎನ್ನುವ ಮೊದಲು ಮಲವನ್ನು ನೋಡಿ. ಗಟ್ಟಿಯಾಗಿ, ಆಡಿನ ಹಿಕ್ಕೆಯ ಹಾಗೆ ಬೀಳುತ್ತಿದ್ದರೆ, ಅಥವಾ ಮೂರು ನಾಲ್ಕು ದಿನಕ್ಕೊಮ್ಮೆ ದೊಡ್ಡದಾಗಿ ಅಳುತ್ತಾ ಮಾಡುತ್ತಿದ್ದರೆ ಕಾರಣ ಹಟವಲ್ಲ, ನೋವು. ಒಮ್ಮೆ ನೋವಾಗಿದ್ದನ್ನು ಮಗು ಮರೆಯುವುದಿಲ್ಲ. ಮುಂದಿನ ಸಲ ಬಂದಾಗ ತುದಿಗಾಲಲ್ಲಿ ನಿಂತು, ಪೃಷ್ಠ ಬಿಗಿಹಿಡಿದು ತಡೆಯುತ್ತದೆ. ಮನೆಯವರಿಗೆ ಅದು ಮುಕ್ಕುತ್ತಿರುವಂತೆ ಕಾಣುತ್ತದೆ, ನಿಜಕ್ಕೂ ಹಿಡಿದಿಡುತ್ತಿರುತ್ತದೆ. ಹಿಡಿದಷ್ಟೂ ಕರುಳು ಮಲದ ನೀರನ್ನು ಹೀರಿಕೊಂಡು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಬಹಳ ದಿನ ಹೀಗಾದರೆ ಗುದನಾಳ ಹಿಗ್ಗಿ, ಬಂದ ಅನುಭವವೇ ಮಂದವಾಗುತ್ತದೆ. ಗಟ್ಟಿ ಮಲದ ಪಕ್ಕದಿಂದ ತೆಳುವಾದ ಮಲ ಸೋರಿ ಚಡ್ಡಿಗೆ ಅಂಟುತ್ತದೆ. ಅದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲುವ ಔಷಧ ಕೊಟ್ಟರೆ ಇನ್ನೂ ಕಷ್ಟ.

ಇಂಥ ಮಗುವಿಗೆ ಮೊದಲು ಮಲ ಮೆತ್ತಗಾಗಬೇಕು. ಪಾಟಿಯ ಪಾಠ ಅಲ್ಲಿಯವರೆಗೆ ನಿಲ್ಲಲಿ. ಮಲೆನಾಡಿನ ಅಡಿಗೆಮನೆಯಲ್ಲಿ ಇದಕ್ಕೆ ಬೇಕಾದ್ದು ಹೇರಳವಾಗಿದೆ. ಹಿತ್ತಲ ಪಪ್ಪಾಯಿ, ಚೆನ್ನಾಗಿ ಹಣ್ಣಾದ ಬಾಳೆ, ಬಸಳೆ ಮತ್ತು ಹರಿವೆ ಸೊಪ್ಪಿನ ಸಾರು, ಮೊಗೆಕಾಯಿ ಹುಳಿ, ಒಂದೆಲಗದ ತಂಬುಳಿ, ರಾತ್ರಿ ನೆನೆಸಿಟ್ಟು ಬೆಳಗ್ಗೆ ಕಿವುಚಿದ ಒಣದ್ರಾಕ್ಷಿ. ಹಾಲು ದಿನಕ್ಕೆ ಸುಮಾರು ಅರ್ಧ ಲೀಟರ್ ಮೀರದಿರಲಿ. ಬಾಟಲಿಯಲ್ಲಿ ಹಾಲು ಕುಡಿದೇ ಹೊಟ್ಟೆ ತುಂಬಿಸಿಕೊಳ್ಳುವ ಮಗು ಅನ್ನ, ತರಕಾರಿ ಮುಟ್ಟುವುದಿಲ್ಲ. ಮಲವೂ ಗಟ್ಟಿಯಾಗುತ್ತದೆ, ರಕ್ತಹೀನತೆಯೂ ಬರುತ್ತದೆ. ಥಂಡಿಯ ದಿನಗಳಲ್ಲಿ ಮಕ್ಕಳು ನೀರು ಕೇಳುವುದೇ ಇಲ್ಲ. ಉಗುರು ಬೆಚ್ಚಗಿನ ನೀರನ್ನು ನೀವೇ ಆಗಾಗ ಕೊಡಿ.

ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಗುದದಲ್ಲಿ ತೂರಿಸುವುದು, ಸಾಬೂನಿನ ಚೂರು ಇಡುವುದು, ಹರಳೆಣ್ಣೆ ಕುಡಿಸುವುದು — ಹಿರಿಯರು ಮಗುವಿನ ಮೇಲಿನ ಅಕ್ಕರೆಯಿಂದಲೇ ಮಾಡುತ್ತಾರೆ. ಆದರೂ ಬೇಡ. ತೊಟ್ಟಿನಿಂದ ಒಳಪೊರೆಗೆ ಗಾಯವಾಗಬಹುದು, ಸಾಬೂನು ಉರಿ ತರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಜಾಗದ ಬಗ್ಗೆ ಮಗುವಿಗೆ ಇದ್ದ ಭಯ ಇಮ್ಮಡಿಯಾಗುತ್ತದೆ. ಆಹಾರ ಬದಲಿಸಿ ಎರಡು ವಾರದಲ್ಲಿ ಸರಿಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್, ಪಾಲಿಎಥಿಲೀನ್ ಗ್ಲೈಕಾಲ್‌ನಂತಹ ಔಷಧಗಳನ್ನು ಅವರು ಕೊಡುತ್ತಾರೆ. ಎರಡು ದಿನ ಸರಾಗವಾಯಿತೆಂದು ನಿಲ್ಲಿಸಬೇಡಿ. ಹಿಗ್ಗಿದ ಕರುಳು ಹಿಂದಿನ ಸ್ಥಿತಿಗೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ತೊಳೆಯುವುದು, ಎಸೆಯುವುದು

ಮಗುವಿನ ಮಲದಲ್ಲಿ ರೋಗಾಣುಗಳಿಲ್ಲ ಎಂಬ ನಂಬಿಕೆ ಇನ್ನೂ ಇದೆ. ದೊಡ್ಡವರ ಮಲದಷ್ಟೇ ರೋಗ ಅದರಿಂದಲೂ ಹರಡುತ್ತದೆ. ತೋಟದ ಅಂಚಿಗೆ, ಗೊಬ್ಬರದ ಗುಂಡಿಗೆ, ಹಳ್ಳಕ್ಕೆ ಎಸೆದದ್ದು ಮೊದಲ ಮಳೆಗೇ ಹರಿದು ತೆರೆದ ಬಾವಿಗೆ ಸೇರಬಹುದು. ಪಾಟಿಯದಾಗಲಿ, ಡೈಪರಿನದಾಗಲಿ ಶೌಚಾಲಯಕ್ಕೇ ಹಾಕಿ. ಖಾಲಿ ಡೈಪರನ್ನು ಸುತ್ತಿ ಕಸದ ಗಾಡಿಗೆ ಕೊಡಿ. ಶೌಚಾಲಯದ ಗುಂಡಿಗೆ ಹಾಕಬೇಡಿ, ಒಲೆಗೂ ಬೇಡ.

ಹೆಣ್ಣುಮಕ್ಕಳನ್ನು ಯಾವಾಗಲೂ ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಇಲ್ಲವಾದರೆ ಮಲದ ರೋಗಾಣು ಮೂತ್ರದ ದಾರಿಗೆ ಹೋಗುತ್ತದೆ. ಗಂಡುಮಕ್ಕಳ ಮುಂದೊಗಲನ್ನು ಎಣ್ಣೆ ಹಚ್ಚಿ ಹಿಂದಕ್ಕೆ ಎಳೆಯುವ ಅಭ್ಯಾಸ ಬಿಡಿ. ಈ ವಯಸ್ಸಿನಲ್ಲಿ ಅದು ಅಂಟಿಕೊಂಡಿರುವುದೇ ಸಹಜ. ಗಂಡು ಮಗುವಿಗೆ ಮೊದಲು ಕುಳಿತು ಮಾಡುವುದನ್ನೇ ಕಲಿಸಿ, ನಿಂತು ಮಾಡುವುದು ಅಪ್ಪನನ್ನೋ ಅಣ್ಣನನ್ನೋ ನೋಡಿ ತಾನೇ ಬರುತ್ತದೆ. ಪ್ರತಿ ಸಲವೂ ಮಗುವಿನ ಕೈ, ನಿಮ್ಮ ಕೈ ಎರಡನ್ನೂ ಸಾಬೂನಿನಿಂದ ತೊಳೆಯಿರಿ. ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬೇಡಿ.

ಹೊರಗೆ ಹೊರಟಾಗ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವ ಹೊತ್ತನ್ನು ಹಗಲಿನ ಹಿಡಿತ ಬಂದ ಮಗು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ, ಆದರೆ ಹೊರಡುವ ಮುನ್ನ ಮಾಡಿಸಿರಬೇಕು. ಎರಡು ಚಡ್ಡಿ, ಒಂದು ಪ್ಲಾಸ್ಟಿಕ್ ಚೀಲ, ಹಳೆಯ ಟವೆಲ್, ನೀರಿನ ಬಾಟಲಿ, ಸಾಬೂನು ಚೀಲದಲ್ಲಿರಲಿ. ದಾರಿಯಲ್ಲಿ ತೊಂದರೆಯೆಂದು ನೀರು ಕೊಡದಿರುವುದು ತಪ್ಪು. ಕೋಟೆ ಮಾರಿಕಾಂಬಾ ಜಾತ್ರೆಯಂಥ ಜನಜಂಗುಳಿಗೆ ಹೋಗುವುದಾದರೆ ಮೊದಲು ಶೌಚಾಲಯ ಎಲ್ಲಿದೆಯೆಂದು ನೋಡಿಕೊಂಡು ಆಮೇಲೆ ತಿರುಗಾಡಿ. ಬೆಂಗಳೂರಿಗೆ ರಾತ್ರಿ ಪ್ರಯಾಣವಿದ್ದರೆ ಡೈಪರ್ ಹಾಕಿ, ‘ಇದು ಬಸ್ಸಿಗೆ ಮಾತ್ರ’ ಎಂದು ಹೇಳಿ. ಮಕ್ಕಳಿಗೆ ಈ ವ್ಯತ್ಯಾಸ ಅರ್ಥವಾಗುತ್ತದೆ.

ಅಂಗನವಾಡಿಗೆ 3 ವರ್ಷಕ್ಕೆ ಸೇರಿಸುವುದಾದರೆ ಮಗು ಬಳಸುವ ಮಾತು ಯಾವುದು, ಎಷ್ಟು ಹೊತ್ತಿಗೊಮ್ಮೆ ಹೋಗುತ್ತದೆ ಎಂದು ಅಲ್ಲಿನ ಕಾರ್ಯಕರ್ತೆಗೆ ತಿಳಿಸಿ. ಸೇರಿಸುವ ಮುನ್ನ ಒಂದು ದಿನ ಕರೆದೊಯ್ದು ಆ ಶೌಚಾಲಯವನ್ನು ತೋರಿಸಿ. ಹೊಸ ಜಾಗದಲ್ಲಿ ಕೇಳಲು ನಾಚಿ ಸಂಜೆಯವರೆಗೆ ಹಿಡಿದಿಟ್ಟುಕೊಳ್ಳುವ ಮಕ್ಕಳಿದ್ದಾರೆ.

ರಾತ್ರಿ

ರಾತ್ರಿಯದು ಬೇರೆಯೇ ಲೆಕ್ಕ, ಅದನ್ನು ಕಲಿಸಲು ಬರುವುದಿಲ್ಲ. ನಿದ್ದೆಯಲ್ಲಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ಹಾರ್ಮೋನು ಸಾಕಷ್ಟು ಸ್ರವಿಸಬೇಕು, ಮೂತ್ರಕೋಶ ತುಂಬಿದಾಗ ಎಚ್ಚರವಾಗಬೇಕು. ಎರಡೂ ಮಗುವಿನ ಬೆಳವಣಿಗೆಗೆ ಬಿಟ್ಟದ್ದು. 5 ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದನ್ನು ವೈದ್ಯರು ರೋಗವೆಂದು ಎಣಿಸುವುದಿಲ್ಲ. ತಂದೆ ಅಥವಾ ತಾಯಿಗೂ ಬಾಲ್ಯದಲ್ಲಿ ಹಾಗಿದ್ದರೆ ಇನ್ನೂ ತಡವಾಗಬಹುದು. ಹಾಸಿಗೆಯ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಹಳೆಯ ಹತ್ತಿ ಸೀರೆಯ ಮಡಿಕೆ ಹಾಸಿ. ಮಳೆಗಾಲದಲ್ಲಿ ರಾತ್ರಿ ಡೈಪರ್ ಹಾಕಿದರೆ ಏನೂ ತಪ್ಪಿಲ್ಲ. ಬೆಳಗ್ಗೆ ಅದು ಒಂದೆರಡು ವಾರ ಸತತವಾಗಿ ಒಣಗಿದ್ದರೆ ತೆಗೆಯಿರಿ. ಹಗಲಿಡೀ ನೀರು ಕೊಟ್ಟು, ಮಲಗುವ ಮುಂಚಿನ ಒಂದು ಗಂಟೆ ಮಾತ್ರ ಕಡಿಮೆ ಮಾಡಿ.

ಕಲಿತದ್ದು ಮರೆತಾಗ

ತಂಗಿ ಹುಟ್ಟಿದ ಮೇಲೆ, ಜ್ವರ ಬಂದು ಹೋದ ಮೇಲೆ, ಅಜ್ಜಿಮನೆಯಲ್ಲಿ ರಜೆ ಕಳೆದು ಬಂದ ಮೇಲೆ ಕಲಿತ ಮಗುವೂ ಮತ್ತೆ ಒದ್ದೆ ಮಾಡಿಕೊಳ್ಳುತ್ತದೆ. ‘ಇಷ್ಟು ದೊಡ್ಡವನಾಗಿ’ ಎನ್ನಬೇಡಿ. ಮೊದಲ ವಾರದ ದಿನಚರಿಗೆ ಮರಳಿ, ದಿನಕ್ಕೆ ಸ್ವಲ್ಪ ಹೊತ್ತು ಮಗುವಿನ ಜೊತೆ ನೀವೊಬ್ಬರೇ ಇರಿ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಸರಿಯಾಗುತ್ತಾರೆ.

ವೈದ್ಯರಿಗೆ ಯಾವಾಗ ತೋರಿಸಬೇಕು

ಮೂತ್ರ ಮಾಡುವಾಗ ಅಳು, ಕಾರಣ ತಿಳಿಯದ ಜ್ವರ, ದುರ್ವಾಸನೆಯ ಮೂತ್ರ ಕಂಡರೆ ಮೂತ್ರಪರೀಕ್ಷೆ ಮಾಡಿಸಿ. ಮಲದಲ್ಲಿ ರಕ್ತ, ಯಾವಾಗಲೂ ಹನಿ ಹನಿ ಸೋರುವುದು, ಗಂಡು ಮಗುವಿನ ಮೂತ್ರಧಾರೆ ತೀರಾ ಸಣ್ಣಗಿರುವುದು, ಹುಟ್ಟಿದಂದಿನಿಂದಲೇ ಮಲಬದ್ಧತೆ, ಒದ್ದೆ ಮಾಡಿಕೊಳ್ಳುವುದರ ಜೊತೆಗೆ ನಡಿಗೆಯಲ್ಲೂ ವ್ಯತ್ಯಾಸ, 4 ವರ್ಷ ದಾಟಿದರೂ ಹಗಲಿನ ಹಿಡಿತ ಬಾರದಿರುವುದು — ಇವುಗಳಿಗೆ ಮಕ್ಕಳ ತಜ್ಞರೇ ಬೇಕು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ತೋರಿಸಿ, ಅವರು ಹೇಳಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು.

ಒಂದು ಸಂದರ್ಭದಲ್ಲಿ ಮಾತ್ರ ಮರುದಿನಕ್ಕೆ ಮುಂದೂಡಬೇಡಿ. ತಿಂಗಳುಗಟ್ಟಲೆ ಒಣಗಿದ್ದ ಮಗು ಇದ್ದಕ್ಕಿದ್ದಂತೆ ಹಗಲು ರಾತ್ರಿ ಒದ್ದೆ ಮಾಡಿಕೊಳ್ಳಲು ಆರಂಭಿಸಿ, ಚೊಂಬುಗಟ್ಟಲೆ ನೀರು ಕುಡಿಯುತ್ತಾ, ಮೈ ಇಳಿದು ಸೊರಗುತ್ತಿದ್ದರೆ ಅದು ಮಕ್ಕಳಲ್ಲಿ ಬರುವ ಮಧುಮೇಹದ ಲಕ್ಷಣವಿರಬಹುದು. ಬೆರಳ ತುದಿಯ ಒಂದು ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಇದು ತಿಳಿಯುತ್ತದೆ. ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ಸಕ್ಕರೆ ಪರೀಕ್ಷೆ ಮಾಡಿಸಿ.